ಬಂದೂಕಿಗಿಂತ ಮೊದಲು ತೋಟಾ ನೋಡಿ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಂದೂಕಿನವೇ ಒಂದು ಗಂಟು. ಹುಬ್ಬಳ್ಳಿ, ಧಾರವಾಡದವರು ಹೊರದೇಶದಲ್ಲಿರುವ ಮಕ್ಕಳ ಪರವಾಗಿ ಕೇಳಿದ್ದಾರೆ. ಗದಗ, ಹಾವೇರಿಯವರದು ಇಲ್ಲಿನ ಹೊಲ, ಕೆರೆ, ಪರವಾನಗಿಯ ಮಾತು. ಅಲ್ಲಿನ ಕಾಯ್ದೆ ಬೇರೆ, ಇಲ್ಲಿನದು ಬೇರೆ. ಯಾವ ಉತ್ತರ ಯಾವ ನೆಲದ್ದು ಎಂದು ನೋಡಿಕೊಂಡು ಓದಿ.

ಪ್ರಶ್ನೆ: ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ ಎಂಜಿನಿಯರ್. ಗೆಳೆಯರ ಜೊತೆ ವಾರಕ್ಕೊಮ್ಮೆ ಕ್ಲೇ ಶೂಟಿಂಗಿಗೆ (ಗಾಳಿಗೆ ಹಾರಿಸಿದ ಬಿಲ್ಲೆ ಒಡೆಯುವ ಆಟ) ಹೋಗುತ್ತಾನೆ, ಸೆಪ್ಟೆಂಬರಿನಲ್ಲಿ ಬೆಳವನ ಹಕ್ಕಿಯ ಬೇಟೆಗೂ ಕರೆಯುತ್ತಾರಂತೆ. ಎರಡಕ್ಕೂ ಆಗುವ ಒಂದೇ ಸೆಮಿ ಆಟೊಮ್ಯಾಟಿಕ್ (ಒಮ್ಮೆ ಹೊಡೆದರೆ ಮುಂದಿನ ತೋಟಾ ತಾನೇ ಏರುವ) ಶಾಟ್‌ಗನ್ ಬೇಕಂತೆ. ಅಂಗಡಿಯಲ್ಲಿ ಗ್ಯಾಸ್, ಇನರ್ಷಿಯಾ, 12 ಬೋರ್, 20 ಬೋರ್ ಎಂದೆಲ್ಲ ಹೇಳಿ ತಲೆ ಕೆಡಿಸಿದ್ದಾರೆ. ಯಾವುದು ಸರಿ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲು ಅವನನ್ನೇ ಒಂದು ಲೆಕ್ಕ ಕೇಳಿ. ವರ್ಷಕ್ಕೆ ಎಷ್ಟು ತೋಟಾ ಸುಡುತ್ತಾನೆ? ಅದರಲ್ಲಿ ಹಕ್ಕಿಗೆಷ್ಟು, ಬಿಲ್ಲೆಗೆಷ್ಟು? ಕ್ಲೇ ಆಟದಲ್ಲಿ ಒಂದು ಸುತ್ತು ಅಂದರೆ 25 ಬಿಲ್ಲೆ. ವಾರಕ್ಕೆ ನಾಲ್ಕು ಸುತ್ತು ಹೊಡೆದರೆ ನೂರು ತೋಟಾ, ವರ್ಷಕ್ಕೆ ಐದು ಸಾವಿರ. ಬೆಳವಕ್ಕಿಗೆ ಟೆಕ್ಸಾಸ್‌ನಲ್ಲಿ ದಿನಕ್ಕೆ 15ರ ಮಿತಿ ಇದೆ. ಎಷ್ಟೇ ಗುರಿ ತಪ್ಪಿದರೂ ಇಡೀ ಹಂಗಾಮಿಗೆ ಕೆಲವು ಪೆಟ್ಟಿಗೆಯಲ್ಲಿ ಮುಗಿಯುತ್ತದೆ. ಅಂದರೆ ಈ ಬಂದೂಕಿನ ಆಯುಷ್ಯದ ಬಹುಪಾಲು ಬಿಲ್ಲೆ ಒಡೆಯುವುದರಲ್ಲೇ ಹೋಗುತ್ತದೆ. ಬೇಟೆಯ ಚಿತ್ರ ನೋಡಿ ಬಂದೂಕು ಕೊಳ್ಳುವವರು ಎಡವುವುದು ಇಲ್ಲೇ.

ಈ ಲೆಕ್ಕ ಹಿಡಿದರೆ ಉತ್ತರ ತಾನಾಗಿ ಬರುತ್ತದೆ: 12 ಬೋರ್ (ಬೋರ್ ಅಂದರೆ ನಳಿಗೆಯ ಅಗಲದ ಲೆಕ್ಕ, 20ಕ್ಕಿಂತ 12 ದೊಡ್ಡದು), ಗ್ಯಾಸ್ ಪದ್ಧತಿ, 28 ಇಂಚಿನ ನಳಿಗೆ, 3 ಇಂಚಿನ ಚೇಂಬರ್ (ತೋಟಾ ಕೂರುವ ಗೂಡು), ಬಿಚ್ಚಿ ಹಾಕುವ ಚೋಕ್. ತೂಕ ಮೂರೂಕಾಲು ಕಿಲೋ ಆಸುಪಾಸು.

ಗ್ಯಾಸ್ ಯಾಕೆ? ತೋಟಾ ಸಿಡಿದಾಗ ಚರೆಯ ಹಿಂದೆ ಓಡುವ ಅನಿಲದಲ್ಲಿ ಒಂದು ಪಾಲು ನಳಿಗೆಯ ಅಡಿಯ ಸಣ್ಣ ತೂತುಗಳಿಂದ ಇಳಿದು ಪಿಸ್ಟನ್ನನ್ನು ದೂಡುತ್ತದೆ. ಪಿಸ್ಟನ್ ಬೋಲ್ಟನ್ನು, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ತುಂಡನ್ನು, ಹಿಂದಕ್ಕೊಯ್ಯುತ್ತದೆ, ಖಾಲಿ ಕೋಶ ಬಲಕ್ಕೆ ಚಿಮ್ಮುತ್ತದೆ, ಹೊಸದು ಮೇಲೇರುತ್ತದೆ. ಒದೆತದ ಒಟ್ಟು ಮೊತ್ತ ಕಡಿಮೆಯಾಗದಿದ್ದರೂ ಅದು ಒಂದೇ ಏಟಾಗಿ ಬಡಿಯದೆ ಸ್ವಲ್ಪ ಹೊತ್ತು ಹರಡಿಕೊಂಡು ಭುಜಕ್ಕೆ ತಲುಪುತ್ತದೆ. ಹತ್ತು ತೋಟಾದಲ್ಲಿ ಈ ವ್ಯತ್ಯಾಸ ಗೊತ್ತಾಗದು. ನೂರನೆಯದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಬೆರೆಟ್ಟಾದ ಎ300, ಎ400, ಬ್ರೌನಿಂಗ್ ಮ್ಯಾಕ್ಸಸ್, 1963ರಿಂದ ಬಂದ ಹಳೆಯ ರೆಮಿಂಗ್ಟನ್ 1100 ಎಲ್ಲ ಈ ಗುಂಪಿನವು.

ಬೆನೆಲ್ಲಿ ಪ್ರಸಿದ್ಧಿಗೆ ತಂದ ಇನರ್ಷಿಯಾ ಪದ್ಧತಿಯಲ್ಲಿ ಅನಿಲದ ಕೆಲಸವೇ ಇಲ್ಲ. ಬಂದೂಕು ಹಿಂದೆ ಒದೆಯುವಾಗ ಬೋಲ್ಟಿನ ಭಾರ ಒಂದು ಕ್ಷಣ ಇದ್ದಲ್ಲೇ ಇರಲು ನೋಡುತ್ತದೆ, ಬಸ್ಸು ಒಮ್ಮೆಲೇ ಜಗ್ಗಿ ಹೊರಟಾಗ ನಿಂತವರು ಹಿಂದೆ ಉಳಿಯುವ ಹಾಗೆ. ಆಗ ನಡುವಿನ ಗಿಡ್ಡ ಗಟ್ಟಿ ಸ್ಪ್ರಿಂಗು ಒತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಂಡಾಗ ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಭಾಗ ಕಡಿಮೆ, ಮಸಿ ಕಡಿಮೆ, ತೂಕವೂ ಕಡಿಮೆ. ಕೆಸರು, ಮಳೆ, ಬಾತುಕೋಳಿ ಬೇಟೆ ಎಂದು ದಿನವಿಡೀ ಹೊತ್ತು ನಡೆಯುವವರಿಗೆ ಇದೇ ಮೇಲು. ಆದರೆ ಹಗುರ ತೋಟಾ ಹಾಕಿದರೆ ಮುನಿಸಿಕೊಳ್ಳುವುದೂ ಇದೇ, ಭುಜಕ್ಕೆ ಜೋರಾಗಿ ಕೊಡುವುದೂ ಇದೇ.

ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಬ್ರೌನಿಂಗ್ ಆಟೊ-5 ಸಿಕ್ಕರೆ ಅದು ಮೂರನೆಯ ಜಾತಿ. ಜಾನ್ ಬ್ರೌನಿಂಗ್ 1898ರ ಹೊತ್ತಿಗೆ ರೂಪಿಸಿದ್ದು, ಇಡೀ ನಳಿಗೆಯೇ ಹಿಂದೆ ಸರಿದು ಮುಂದೆ ಬರುತ್ತದೆ. ನಳಿಗೆಯಡಿ ಎಡಗೈ ಹಿಡಿಯುವ ಮುಂಗಟ್ಟಿಗೆಯೊಳಗಿನ ಘರ್ಷಣೆ ಉಂಗುರಗಳನ್ನು ಹಗುರ ತೋಟಾಕ್ಕೆ ಒಂದು ರೀತಿ, ಭಾರಿ ತೋಟಾಕ್ಕೆ ಇನ್ನೊಂದು ರೀತಿ ಜೋಡಿಸಬೇಕು. ಹಿಂದಿನ ಮಾಲೀಕ ಹೇಗೆ ಬಿಟ್ಟಿದ್ದಾನೆ ಎಂದು ಬಿಚ್ಚಿ ನೋಡದೆ ಹೊಡೆದರೆ ಕಟ್ಟಿಗೆ ಸೀಳುವುದುಂಟು. ಮೊದಲ ಬಂದೂಕಾಗಿ ಬೇಡ.

ಮೂರೂವರೆ ಇಂಚಿನ ಚೇಂಬರ್ ಹೆಚ್ಚು ದುಡ್ಡಿಗೆ ಕಟ್ಟಲು ನೋಡುತ್ತಾರೆ. ಅದು ದೊಡ್ಡ ಬಾತುಗಳಿಗೆ ಹೊಡೆಯುವ ಭಾರಿ ತೋಟಾಕ್ಕೆ ಮಾಡಿದ್ದು. ಬೋಲ್ಟು ಹೆಚ್ಚು ದೂರ ಓಡಬೇಕಾಗುತ್ತದೆ, ಹಗುರ ತೋಟಾ ಅಷ್ಟು ದೂರ ದೂಡಲಾರದೆ ಸಿಕ್ಕಿಕೊಳ್ಳುತ್ತದೆ. ಬಿಲ್ಲೆ ಹೊಡೆಯುವವನಿಗೆ ಅದು ಎತ್ತಿನ ಗಾಡಿಗೆ ಲಾರಿ ಗಾಲಿ.

ನಳಿಗೆ 28 ಇಂಚು ಸಾಕೇ, 30 ಬೇಡವೇ ಎಂದು ಮಗ ಕೇಳಬಹುದು. ಸೆಮಿ ಆಟೊದಲ್ಲಿ ಬೋಲ್ಟು ಓಡಾಡುವ ಪೆಟ್ಟಿಗೆಯೇ ಮೂರ್ನಾಲ್ಕು ಇಂಚು ಉದ್ದ ಇರುತ್ತದೆ. ಅದನ್ನು ಸೇರಿಸಿದರೆ 28 ಇಂಚಿನದು ಜೋಡುನಳಿಗೆಯ 30-32 ಇಂಚಿನದಕ್ಕೆ ಸರಿಸಮ. ಬೆಳವ ಥಟ್ಟನೆ ತಿರುಗುವ ಹಕ್ಕಿ, ಅದಕ್ಕಿಂತ ಉದ್ದ ಬೇಡ.

ಚೋಕ್ ಅಂದರೆ ನಳಿಗೆ ಬಾಯಿಯ ಬಿಗಿತ. 12 ಬೋರಿನ ನಳಿಗೆ ಸುಮಾರು 18.5 ಮಿಮೀ. ಅದರ ಬಾಯಿ ಕಾಲು ಮಿಮೀ ಕಿರಿದಾದರೆ ಇಂಪ್ರೂವ್ಡ್ ಸಿಲಿಂಡರ್, ಅರ್ಧ ಮಿಮೀ ಆದರೆ ಮಾಡಿಫೈಡ್, ಒಂದು ಮಿಮೀ ಆದರೆ ಫುಲ್. ಇಷ್ಟು ಕೂದಲೆಳೆಯ ವ್ಯತ್ಯಾಸಕ್ಕೆ 40 ಗಜದಲ್ಲಿ ಚರೆಯ ಹರಡು ಬೇರೆಯೇ ಆಗುತ್ತದೆ. ಫುಲ್ ಚೋಕಿನಲ್ಲಿ ನೂರಕ್ಕೆ ಸುಮಾರು 70 ಭಾಗ ಚರೆ 30 ಇಂಚಿನ ವೃತ್ತದೊಳಗೆ ಬೀಳಬೇಕೆಂಬುದು ಹಳೆಯ ಅಳತೆ. ಕ್ಲೇ ಆಟದಲ್ಲೇ ಸ್ಕೀಟಿನಲ್ಲಿ ಬಿಲ್ಲೆ ಹತ್ತಿರದಲ್ಲಿ ಅಡ್ಡ ಹಾಯುತ್ತದೆ, ಟ್ರ್ಯಾಪಿನಲ್ಲಿ ಮುಂದಕ್ಕೆ ದೂರ ಓಡುತ್ತದೆ. ಮಗನಿಗೆ ಸ್ಕೀಟಿಗೆ ಸ್ಕೀಟ್ ಚೋಕ್, ಬೆಳವಕ್ಕಿಗೆ ಇಂಪ್ರೂವ್ಡ್ ಸಿಲಿಂಡರ್, ಟ್ರ್ಯಾಪಿಗೆ ಮಾಡಿಫೈಡ್ ಅಥವಾ ಅದಕ್ಕಿಂತ ಬಿಗಿ. ಸೆಮಿ ಆಟೊದ ನಿಜವಾದ ಮಿತಿ ಇಲ್ಲಿದೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಜೋಡುನಳಿಗೆಯಲ್ಲಿ ಮೊದಲ ಗುಂಡಿಗೆ ಒಂದು ಚೋಕ್, ದೂರ ಹೋದ ಬಿಲ್ಲೆಗೆ ಹೊಡೆಯುವ ಎರಡನೆಯದಕ್ಕೆ ಇನ್ನೊಂದು. ಸೆಮಿ ಆಟೊದಲ್ಲಿ ನಳಿಗೆ ಒಂದೇ, ಚೋಕೂ ಒಂದೇ.

ಬೇಟೆಗೆ ಹೋಗುವಾಗ ಮ್ಯಾಗಜಿನ್ನಿನೊಳಗೆ (ಮುಂದಿನ ತೋಟಾಗಳು ಕೂರುವ ಕೊಳವೆ) ಪ್ಲಗ್, ಅಂದರೆ ಜಾಗ ಕಡಿಮೆ ಮಾಡುವ ತುಂಡು, ಹಾಕಿರಲೇಬೇಕು. ವಲಸೆ ಹಕ್ಕಿಗಳ ಬೇಟೆಯಲ್ಲಿ ಒಟ್ಟು ಮೂರು ತೋಟಾಕ್ಕಿಂತ ಹೆಚ್ಚು ಹಿಡಿಯುವ ಶಾಟ್‌ಗನ್ ಅಮೆರಿಕದ ಫೆಡರಲ್ ನಿಯಮಕ್ಕೆ ವಿರುದ್ಧ. ಒಂದು ಚೇಂಬರಿನಲ್ಲಿ, ಎರಡು ಮ್ಯಾಗಜಿನ್ನಿನಲ್ಲಿ. ಸೆಕೆಂಡ್ ಹ್ಯಾಂಡ್ ಕೊಂಡರೆ ಹಿಂದಿನವನು ಪ್ಲಗ್ ತೆಗೆದಿರಬಹುದು. ಡಮ್ಮಿ ತೋಟಾ ತುರುಕಿ ಎಣಿಸಿ ನೋಡಲಿ. ಬಾತುಕೋಳಿಗೆ ಹೋದರೆ ಸೀಸದ ಚರೆ 1991ರಿಂದ ಇಡೀ ದೇಶದಲ್ಲಿ ನಿಷಿದ್ಧ, ಉಕ್ಕಿನದೋ ಬೇರೆ ವಿಷರಹಿತ ಲೋಹದ್ದೋ ಬೇಕು. ಉಕ್ಕು ಸೀಸದಂತೆ ಹಿಚುಕುವುದಿಲ್ಲ, ಮಾಡಿಫೈಡ್‌ಗಿಂತ ಬಿಗಿ ಚೋಕಿನಲ್ಲಿ ಹಾಕಬಾರದು.

ಕೊನೆಯದು ಆದರೂ ಮೊದಲು ನೋಡಬೇಕಾದದ್ದು ವೀಸಾ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಅಲ್ಲಿ ಬಂದೂಕು ಕೊಳ್ಳುವುದೂ ಇಟ್ಟುಕೊಳ್ಳುವುದೂ ಫೆಡರಲ್ ಕಾಯ್ದೆಯಲ್ಲಿ ಅಪರಾಧ. ಅದಕ್ಕಿರುವ ವಿನಾಯಿತಿಗಳಲ್ಲಿ ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯೂ ಒಂದು. ಅದರ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಟೆಕ್ಸಾಸ್‌ನಲ್ಲಿ 2 ಸೆಪ್ಟೆಂಬರ್ 1971ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ತರಬೇತಿಯನ್ನೂ ಮುಗಿಸಿರಬೇಕು. ಇವೆರಡರ ಕಾಗದ ಕೈಗೆ ಬಂದ ಮೇಲೆಯೇ ಅಂಗಡಿ ಮೆಟ್ಟಿಲು ಹತ್ತಲಿ.

ಪ್ರಶ್ನೆ: ಅಳಿಯ ಅಮೆರಿಕದಲ್ಲಿ ಇನರ್ಷಿಯಾ ಬಂದೂಕನ್ನೇ ಕೊಂಡಿದ್ದಾನೆ. ಐದಾರು ತೋಟಾಕ್ಕೊಮ್ಮೆ ಖಾಲಿ ಕೋಶ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಹೊಸ ಬಂದೂಕು, ಆದರೂ ಹೀಗೇಕೆ?
— ಸಪ್ತಾಪುರ, ಧಾರವಾಡ

ಉತ್ತರ: ಹೊಸದಾಗಿರುವುದೇ ಅರ್ಧ ಕಾರಣ. ಸ್ಪ್ರಿಂಗು ಗಡುಸು, ಉಜ್ಜುವ ಮೈಗಳು ಇನ್ನೂ ನುಣುಪಾಗಿಲ್ಲ, ಮೇಲೆ ಕಾರ್ಖಾನೆಯ ಅಂಟು ಗ್ರೀಸು ಬೇರೆ. ಅದನ್ನು ಪೂರ್ತಿ ಒರೆಸಿ ತೆಗೆದು, ಬೋಲ್ಟು ಓಡುವ ಹಳಿಗಳಿಗೆ ತೆಳು ಎಣ್ಣೆ ಒಂದೆರಡು ಹನಿ ಮಾತ್ರ ಬಿಟ್ಟು, ಮೊದಲ ನೂರು ತೋಟಾ 32 ಗ್ರಾಂ ಅಥವಾ ಮೇಲಿನ ಭಾರದವು ಹೊಡೆಯಲಿ. ಬಹಳ ಬಂದೂಕು ಅಷ್ಟಕ್ಕೇ ಸರಿಹೋಗುತ್ತವೆ.

ಆಮೇಲೂ ಸಿಕ್ಕಿಕೊಂಡರೆ ಊಹೆ ಮಾಡುವುದು ಬೇಡ, ಪರೀಕ್ಷೆ ಮಾಡಲಿ. ಮ್ಯಾಗಜಿನ್ನಿನಲ್ಲಿ ಒಂದೇ ತೋಟಾ ಹಾಕಿ, ಅದನ್ನು ಚೇಂಬರಿಗೇರಿಸಿ ಹೊಡೆಯಬೇಕು. ಖಾಲಿ ಕೋಶ ಹೊರಬಿದ್ದು ಬೋಲ್ಟು ಹಿಂದೆ ತೆರೆದೇ ನಿಂತರೆ ಪೂರ್ತಿ ಓಡಿದೆ ಎಂದರ್ಥ. ಕೋಶ ಬಿದ್ದರೂ ಬೋಲ್ಟು ಮುಚ್ಚಿಕೊಂಡರೆ ಅದು ಅರ್ಧ ದಾರಿಗೆ ತಿರುಗಿ ಬಂದಿದೆ, ಶಕ್ತಿ ಸಾಲುತ್ತಿಲ್ಲ. ಇದನ್ನು 32 ಗ್ರಾಂ, 28 ಗ್ರಾಂ, 24 ಗ್ರಾಂ ತೋಟಾದಲ್ಲಿ ಹತ್ತತ್ತು ಸಲ ಮಾಡಿದರೆ ಎಲ್ಲಿಂದ ಕೆಡುತ್ತದೆ ಎಂದು ಗೆರೆ ಎಳೆದಷ್ಟು ಸ್ಪಷ್ಟವಾಗುತ್ತದೆ. 24 ಗ್ರಾಂನಲ್ಲಿ ಮಾತ್ರ ಕೆಟ್ಟರೆ ಬಂದೂಕಿನ ದೋಷ ಅಲ್ಲ, ತೋಟಾ ಹಗುರವಾಯಿತು.

ಹಿಡಿಯುವ ರೀತಿಯನ್ನೂ ನೋಡಬೇಕು. ಇನರ್ಷಿಯಾ ಕೆಲಸ ಮಾಡುವುದೇ ಬಂದೂಕು ಹಿಂದೆ ಜಿಗಿಯುವುದರಿಂದ. ಗೋಡೆಗೋ ಮೇಜಿಗೋ ಒರಗಿಸಿ ಹೊಡೆದರೆ ಜಿಗಿತವೇ ಇಲ್ಲ, ಬೋಲ್ಟೂ ಓಡುವುದಿಲ್ಲ. ಬಂದೂಕಿನ ಮೈಮೇಲೆ ತೋಟಾ ಪಟ್ಟಿ, ಟಾರ್ಚು ಎಂದು ಭಾರ ಕಟ್ಟಿದರೂ ಅದೇ ಕಥೆ. ಗ್ಯಾಸ್ ಬಂದೂಕಾಗಿದ್ದರೆ ಹುಡುಕುವ ಜಾಗ ಬೇರೆ: ಮುಂಗಟ್ಟಿಗೆಯ ಮುಚ್ಚಳ ಸಡಿಲವಾಗಿ ಅನಿಲ ಸೋರುವುದು, ಪಿಸ್ಟನ್ ತಿರುಗುಮುರುಗು ಜೋಡಿಸಿರುವುದು, ಮಸಿ ಕಟ್ಟಿದ ತೂತು. ರೆಮಿಂಗ್ಟನ್ 1100ರಂಥದರಲ್ಲಿ ರಬ್ಬರ್ ಓ-ರಿಂಗು ಹರಿದಿರುವುದು ಸಾಮಾನ್ಯ. ನಾಲ್ಕಾಣೆಯ ರಿಂಗಿಗೆ ಬಂದೂಕು ರಿಪೇರಿಗೆ ಕೊಟ್ಟವರಿದ್ದಾರೆ.

ಒಂದು ಎಚ್ಚರ ಇದೆ, ಇದನ್ನು ಅಳಿಯನಿಗೆ ಓದಿ ಹೇಳಿ. ಸಿಡಿದ ಸದ್ದು 'ಢಂ' ಎನ್ನದೆ 'ಪುಸ್' ಎಂದರೆ ಅಲ್ಲೇ ನಿಲ್ಲಿಸಬೇಕು. ತೋಟಾದೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ಬಿರಡೆ, ವ್ಯಾಡು, ನಳಿಗೆಯಲ್ಲೇ ಕೂತಿರಬಹುದು. ಇಳಿಸಿ, ಬಿಚ್ಚಿ, ಬೆಳಕಿಗೆ ಹಿಡಿದು ನಳಿಗೆಯೊಳಗೆ ನೋಡಿ. ಇನ್ನು 12 ಬೋರಿನವರ ಜೇಬಿನಲ್ಲಿ 20 ಬೋರಿನ ತೋಟಾ ಒಂದೂ ಇರಬಾರದು. 20ರದು 12ರ ಚೇಂಬರಿಗೆ ಹಾಕಿದರೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ, ಚೇಂಬರು ಖಾಲಿಯಂತೆ ಕಾಣುತ್ತದೆ. ಅದರ ಹಿಂದೆ 12ರದೊಂದು ಹಾಕಿ ಹೊಡೆದರೆ ನಳಿಗೆ ಒಡೆಯುತ್ತದೆ, ಎಡಗೈ ಇರುವುದೂ ಅಲ್ಲೇ. 20 ಬೋರಿನ ಕೋಶಕ್ಕೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಇದಕ್ಕೇ. ಮಗಳೂ 20 ಬೋರ್ ಹೊಡೆಯುತ್ತಿದ್ದರೆ ಇಬ್ಬರೂ ಒಂದೇ ಚೀಲ ಹಂಚಿಕೊಳ್ಳಬಾರದು.

ಪ್ರಶ್ನೆ: ನನಗೆ ಟ್ರ್ಯಾಪ್ ಶೂಟಿಂಗ್ ಕಲಿಯಬೇಕೆಂಬ ಆಸೆ. ಇಲ್ಲೇ ಪರವಾನಗಿ ಮಾಡಿಸಿ ಸೆಮಿ ಆಟೊಮ್ಯಾಟಿಕ್ ಕೊಳ್ಳಬಹುದೇ? ಅದೇ ಬಂದೂಕು ಊರಲ್ಲಿ ಬೇಟೆಗೂ ಆದೀತು ಎಂದು ಲೆಕ್ಕ.
— ಬೆಟಗೇರಿ, ಗದಗ

ಉತ್ತರ: ಕೊನೆಯ ಸಾಲನ್ನು ಮೊದಲು ಅಳಿಸಿಬಿಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು. ಅದರಲ್ಲಿದ್ದ ಬೇಟೆ ಲೈಸೆನ್ಸ್ ಭಾಗವನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಮೊಲ, ಗೌಜುಗ, ನವಿಲು ಯಾವುದಕ್ಕೂ ಇಲ್ಲಿ ಮೋಜಿನ ಬೇಟೆ ಎಂಬುದಿಲ್ಲ.

ಸೆಮಿ ಆಟೊಮ್ಯಾಟಿಕ್ ಬಂದೂಕುಗಳು ಶಸ್ತ್ರಾಸ್ತ್ರ ನಿಯಮಗಳ ನಿರ್ಬಂಧಿತ ವರ್ಗದಲ್ಲಿವೆ. ಜಿಲ್ಲಾ ಕಚೇರಿಯಿಂದ ಸಾಮಾನ್ಯ ಜನರಿಗೆ ಸಿಗುವ ಪರವಾನಗಿ ಅದಕ್ಕೆ ನಡೆಯುವುದಿಲ್ಲ. ಕಲಿಯಲು ಅದು ಬೇಕಾಗಿಯೂ ಇಲ್ಲ. ಅಂತರರಾಷ್ಟ್ರೀಯ ನಿಯಮ ಸೆಮಿ ಆಟೊವನ್ನು ಒಪ್ಪುತ್ತದೆ, ಮುಂಗಟ್ಟಿಗೆಯನ್ನು ಕೈಯಿಂದ ಹಿಂದೆ ಮುಂದೆ ಎಳೆದು ತೋಟಾ ಏರಿಸುವ ಪಂಪ್ ಆ್ಯಕ್ಷನ್ ಒಪ್ಪುವುದಿಲ್ಲ. ಒಪ್ಪಿದರೂ ಟ್ರ್ಯಾಪಿನಲ್ಲಿ ನಿಂತವರ ಕೈಯಲ್ಲಿ ಕಾಣುವುದು ಮೇಲೆ-ಕೆಳಗೆ ನಳಿಗೆಯ ಜೋಡು. ಎರಡು ಚೋಕಿನ ಲಾಭ ಒಂದು. ಬಾಗಿಸಿ ತೆರೆದರೆ ಖಾಲಿ ಇದೆ ಎಂದು ಹತ್ತು ಮಾರು ದೂರದವರಿಗೂ ಕಾಣುತ್ತದೆ ಎಂಬುದು ಇನ್ನೊಂದು. ಖಾಲಿ ಕೋಶ ಪಕ್ಕದವರ ಕಿವಿಗೆ ಹಾರುವುದೂ ಇಲ್ಲ.

ಆಟದ ಅಳತೆ ತಿಳಿದಿರಲಿ. ಬಿಲ್ಲೆ 110 ಮಿಮೀ ಅಗಲ, 105 ಗ್ರಾಂ ತೂಕ. ಕ್ಲೇ ಎಂಬುದು ಹಳೆಯ ಹೆಸರಷ್ಟೆ, ಮಾಡುವುದು ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನ ಜಾತಿಯ ಅಂಟಿನಿಂದ. ಒಲಿಂಪಿಕ್ ಟ್ರ್ಯಾಪಿನಲ್ಲಿ ಐದು ಜಾಗ, 15 ಮೀಟರ್ ಮುಂದಿನ ಕಂದಕದಲ್ಲಿ 15 ಯಂತ್ರ. ಬಿಲ್ಲೆ 76 ಮೀಟರ್ ದೂರಕ್ಕೆ ಹೋಗುವಂತೆ ಹೊಂದಿಸಿರುತ್ತಾರೆ, ಯಾವ ಕಡೆಗೆ ಎಂಬುದು ಹಾರಿದ ಮೇಲೇ ಗೊತ್ತು. ತೋಟಾದಲ್ಲಿ ಚರೆ 24 ಗ್ರಾಂಗಿಂತ ಹೆಚ್ಚಿರಬಾರದು, ಒಂದೊಂದು ಚರೆ 2.6 ಮಿಮೀಗಿಂತ ದಪ್ಪ ಇರಬಾರದು. 2.4 ಮಿಮೀ ಚರೆಯಾದರೆ ಒಂದು ತೋಟಾದಲ್ಲಿ ಸುಮಾರು 300 ಕಾಳು. ಸ್ಕೀಟಿಗೆ 2 ಮಿಮೀ ಹಾಕಿದರೆ ಅದೇ 24 ಗ್ರಾಂನಲ್ಲಿ ಐನೂರು ದಾಟುತ್ತದೆ. ಹತ್ತಿರದ ಬಿಲ್ಲೆಗೆ ಸಣ್ಣ ಚರೆ, ದೂರದ್ದಕ್ಕೆ ದಪ್ಪ ಚರೆ, ಲೆಕ್ಕ ಇಷ್ಟೇ.

ಇವೆಲ್ಲ ಪುಸ್ತಕದಲ್ಲಿ ಓದಿ ಬರುವಂಥದಲ್ಲ, ಶಾಟ್‌ಗನ್ ರೇಂಜೇ ಬೇಕು. ದಿಲ್ಲಿಯ ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜ್, ಭೋಪಾಲದ ಅಕಾಡೆಮಿ, ಪಟಿಯಾಲಾ ಇವು ಹೆಸರಾದವು. ಅಥೆನ್ಸ್ 2004ರಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಡಬಲ್ ಟ್ರ್ಯಾಪಿನಲ್ಲಿ ಬೆಳ್ಳಿ ಗೆದ್ದ ಮೇಲೆ ಈ ಆಟಕ್ಕೆ ನಮ್ಮಲ್ಲಿ ಮುಖ ಬಂತು. ನೀವು ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಮೂಲಕ ಹೆಜ್ಜೆ ಇಡಿ. ಸದಸ್ಯತ್ವ, ತರಬೇತಿ, ಸ್ಪರ್ಧೆಯ ಅಂಕ, ಆಮೇಲೆ ಬಂದೂಕು. ಕ್ರೀಡಾಪಟುವಿಗೆ ಕಾಯ್ದೆಯಲ್ಲಿ ಪ್ರತ್ಯೇಕ ವಿನಾಯಿತಿಗಳಿವೆ, ಅವು ಅಂಕದ ಹಿಂದೆ ಬರುತ್ತವೆ. ಬಂದೂಕು ಮೊದಲು ಕೊಂಡು ಆಟ ಆಮೇಲೆ ಹುಡುಕುವುದು ಎತ್ತಿಲ್ಲದೆ ನೇಗಿಲು ಕೊಂಡಂತೆ.

ಪ್ರಶ್ನೆ: ಎರಡು ಎಕರೆ ಗೋವಿನಜೋಳ ಹಂದಿ ಪಾಲಾಯಿತು. ರಾಣೆಬೆನ್ನೂರು ಕಡೆ ಸಂಬಂಧಿಕರ ಹೊಲಕ್ಕೆ ಕೃಷ್ಣಮೃಗದ ಕಾಟ. ಬೆಳೆ ರಕ್ಷಣೆಗೆ ಬಂದೂಕು ಪರವಾನಗಿ ಸಿಗುತ್ತದಂತೆ, ಹೌದೇ? ಯಾವ ತೋಟಾ?
— ಹಾನಗಲ್ಲ ತಾಲೂಕು, ಹಾವೇರಿ

ಉತ್ತರ: ಪರವಾನಗಿ ಇದೆ, ಆದರೆ ನೀವು ಅಂದುಕೊಂಡ ಕೆಲಸಕ್ಕೆ ಅಲ್ಲ. ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆ ಎಂದು ಹೆಸರಿಸಿರುವುದು ಬಾಯಿಯಿಂದ ಮದ್ದು ತುಂಬುವ ಬಂದೂಕು, ಊರ ಮಾತಿನಲ್ಲಿ ಕೇಪಿನ ಬಂದೂಕು. ಆ ಕಾಗದ ಬಂದೂಕು ಇಟ್ಟುಕೊಳ್ಳಲು ಕೊಡುವ ಅನುಮತಿ ಮಾತ್ರ, ಪ್ರಾಣಿ ಕೊಲ್ಲಲು ಅಲ್ಲ. ಸದ್ದು ಮಾಡಿ ಓಡಿಸಿದರೆ ಒಂದು, ಹಂದಿ ಬಿದ್ದರೆ ಬೇರೆಯೇ ಪ್ರಕರಣ.

ಕಾಡುಹಂದಿ ಈಗ ವನ್ಯಜೀವಿ ಕಾಯ್ದೆಯ ಎರಡನೇ ಪಟ್ಟಿಯಲ್ಲಿದೆ. ನಿಂತ ಬೆಳೆಗೆ ಅಪಾಯ ಎಂದು ಕಂಡರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ 11ನೇ ಕಲಮಿನಡಿ ಲಿಖಿತ ಆದೇಶ ಕೊಡಬಹುದು. ಆದೇಶದಲ್ಲಿ ಕಾರಣ ಬರೆದಿರಬೇಕು. ಕೃಷ್ಣಮೃಗ ಮೊದಲನೇ ಪಟ್ಟಿ. ಅದಕ್ಕೆ ಬೆಳೆ ಹಾನಿ ಕಾರಣವೇ ಆಗುವುದಿಲ್ಲ. ಮನುಷ್ಯನ ಜೀವಕ್ಕೆ ಅಪಾಯ ಇರಬೇಕು, ಇಲ್ಲವೇ ಪ್ರಾಣಿ ಬದುಕುಳಿಯದಷ್ಟು ಗಾಯ ಅಥವಾ ರೋಗವಾಗಿರಬೇಕು. ಆ ಆದೇಶವೂ ಮುಖ್ಯ ಪರಿಪಾಲಕರಿಂದಲೇ ಬರಬೇಕು. ರಾಣೆಬೆನ್ನೂರಿನಲ್ಲಿ 1974ರಿಂದ ಅಭಯಾರಣ್ಯ ಇರುವುದೇ ಆ ಪ್ರಾಣಿಗಾಗಿ. ಹಾಗಾಗಿ ಯಾವ ತೋಟಾ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಕೊಡುವುದಿಲ್ಲ.

ಬೆಳೆ ಹಾನಿಯಾದ ದಿನವೇ ಫೋಟೊ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಹೆಜ್ಜೆ ಗುರುತು, ಮುರಿದ ದಂಟು, ಹೊಲದ ಗಡಿ ಮೂರೂ ಒಂದೇ ಚಿತ್ರದಲ್ಲಿ ಬಂದರೆ ವಾದ ಕಡಿಮೆ. ಹಂದಿಗೆ ಸೌರ ಬೇಲಿ ಕೆಲಸ ಮಾಡುತ್ತದೆ, ಕೆಳಗಿನ ತಂತಿ ನೆಲದಿಂದ ಒಂದು ಗೇಣಿನ ಮೇಲೆ ಹೋಗಬಾರದು. ಅದು ಮೂಗಿನಿಂದ ನೆಲ ಅಗೆಯುತ್ತ ನುಗ್ಗುವ ಪ್ರಾಣಿ. ಬೇಲಿ ಕೆಡುವುದು ಬಹುಪಾಲು ತಂತಿಗೆ ತಾಗಿದ ಹುಲ್ಲಿನಿಂದ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಸವರಲೇಬೇಕು. ಕರೆಂಟಿನ ಕಂಬದಿಂದ ನೇರ ತಂತಿ ಎಳೆಯುವ ಯೋಚನೆ ಬೇಡವೇ ಬೇಡ. ಅದಕ್ಕೆ ಹಂದಿಗಿಂತ ಮೊದಲು ನೀರು ಹಾಯಿಸಲು ಬಂದವರು ಬೀಳುತ್ತಾರೆ.

ಪ್ರಶ್ನೆ: ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ದೊಡ್ಡ ಬಾತುಗಳು ರಾತ್ರಿ ಕಡಲೆ ಹೊಲಕ್ಕೆ ಇಳಿಯುತ್ತವೆ. ಏರ್‌ಗನ್ನಿನಿಂದ ಹೆದರಿಸಬಹುದೇ?
— ಶಿರಹಟ್ಟಿ ತಾಲೂಕು, ಗದಗ

ಉತ್ತರ: ಬೇಡ. ಅವು ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು. ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿದೆ. ಏರ್‌ಗನ್ನಿನ ಚರೆ ಹಕ್ಕಿಯನ್ನು ಗಾಯಗೊಳಿಸಿದರೂ ಬೇಟೆಯೇ. ತಮಟೆ, ಹೊಳೆಯುವ ಟೇಪು, ಹೊಲದ ಬದುವಿನಲ್ಲಿ ಜನರ ಓಡಾಟ, ಇಷ್ಟರಲ್ಲೇ ಎಬ್ಬಿಸಿ.

ಪ್ರಶ್ನೆ: ಅಮೆರಿಕದಲ್ಲಿ ಶಾಟ್‌ಗನ್ ಕಲಿಯುತ್ತಿದ್ದೇನೆ, ರಜೆಗೆ ಊರಿಗೆ ಬಂದಿದ್ದೇನೆ. ಐವತ್ತು ತೋಟಾ ಹೊಡೆದರೆ ಭುಜ, ಕೆನ್ನೆ ನೀಲಿಗಟ್ಟುತ್ತವೆ. ಹಗುರ ಬಂದೂಕು ತೆಗೆದುಕೊಳ್ಳಲೇ?
— ಮಾಳಮಡ್ಡಿ, ಧಾರವಾಡ

ಉತ್ತರ: ಹಗುರ ಬಂದೂಕು ಹೆಚ್ಚು ಒದೆಯುತ್ತದೆ. ಅದೇ ತೋಟಾವನ್ನು 3.4 ಕಿಲೋ ಬಂದೂಕಿನ ಬದಲು 2.8 ಕಿಲೋದರಲ್ಲಿ ಹೊಡೆದರೆ ಒದೆತದ ಶಕ್ತಿ ಐದನೇ ಒಂದು ಪಾಲು ಏರುತ್ತದೆ. ಬಂದೂಕು ಬದಲಿಸುವ ಮೊದಲು ತೋಟಾ ಬದಲಿಸಿ. 32 ಗ್ರಾಂನಿಂದ 24ಕ್ಕೆ ಇಳಿದರೆ ಒದೆತ ಮೂರನೇ ಒಂದು ಪಾಲಿಗೂ ಹೆಚ್ಚು ತಗ್ಗುತ್ತದೆ, ಬಿಲ್ಲೆ ಒಡೆಯಲು ಅಷ್ಟು ಸಾಕು.

ಕೆನ್ನೆ ನೀಲಿಗಟ್ಟಿದೆ ಎಂದರೆ ಅಳತೆಯ ದೋಷ. ಅಂಗಡಿಯ ಬಂದೂಕಿಗೆ ಹಿಂಗಟ್ಟಿಗೆಯ ಉದ್ದ, ಕುದುರೆಯಿಂದ ತುದಿಯವರೆಗೆ, ಹದಿನಾಲ್ಕೂಕಾಲು ಇಂಚಿನ ಆಸುಪಾಸು ಇರುತ್ತದೆ. ಅದು ಆರಡಿ ಗಂಡಸಿನ ತೋಳಿಗೆ ಹೊಲಿದ ಅಂಗಿ. ಉದ್ದವಾದರೆ ಬಟ್ಟು (ಹಿಂಗಟ್ಟಿಗೆಯ ತುದಿ) ಭುಜದ ಗುಳಿಗೆ ಬಾರದೆ ತೋಳಿನ ಮೇಲೆ ಕೂರುತ್ತದೆ. ಕೆನ್ನೆ ಇಡುವ ಏರು ತಗ್ಗಾದರೆ ತಲೆ ಎತ್ತಿ ನೋಡುತ್ತೀರಿ, ಕುದುರೆ ಎಳೆದಾಗ ಕಟ್ಟಿಗೆ ಮೇಲೆದ್ದು ದವಡೆಗೆ ಹೊಡೆಯುತ್ತದೆ. ಪರೀಕ್ಷೆ ಸುಲಭ. ಖಾಲಿ ಬಂದೂಕು, ಎರಡು ಸಲ ನೋಡಿ ಖಚಿತ ಮಾಡಿಕೊಂಡದ್ದು. ಕಣ್ಣು ಮುಚ್ಚಿ ಭುಜಕ್ಕೇರಿಸಿ ಕೆನ್ನೆ ಇಟ್ಟು ಕಣ್ಣು ಬಿಡಿ. ನಳಿಗೆಯ ಮೇಲಿನ ಪಟ್ಟಿ ಸಪಾಟಾಗಿ, ತುದಿಯ ಮಣಿ ನೇರ ಮುಂದೆ ಕಾಣಬೇಕು. ಮಣಿಯೇ ಕಾಣದೆ ಬೋಲ್ಟಿನ ಬೆನ್ನು ಕಂಡರೆ ಏರು ತಗ್ಗು, ಪಟ್ಟಿ ಓರೆಯಾಗಿ ಉದ್ದಕ್ಕೆ ಕಂಡರೆ ಹೆಚ್ಚು. ಹೊಸ ಸೆಮಿ ಆಟೊಗಳ ಪೆಟ್ಟಿಗೆಯಲ್ಲಿ ಬಿಲ್ಲೆಯಂಥ ತೆಳು ಶಿಮ್ಮುಗಳು ಬರುತ್ತವೆ, ಹೆಚ್ಚಿನವರು ತೆರೆದೇ ನೋಡಿರುವುದಿಲ್ಲ. ಅವನ್ನು ಕಟ್ಟಿಗೆ ಸೇರುವಲ್ಲಿ ಬದಲಿಸಿದರೆ ಏರೂ ಓರೆಯೂ ತಿದ್ದುತ್ತದೆ. ಆಮೇಲೆ 16 ಗಜ ದೂರದ ಕಾಗದಕ್ಕೆ ಐದಾರು ಹೊಡೆದು ನೋಡಿ. ಚರೆಯ ನಡು ಒಂದು ಇಂಚು ಕೆಳಗೆ ಬಿದ್ದರೆ ಕೆನ್ನೆಯ ಜಾಗ ಹದಿನಾರನೇ ಒಂದು ಇಂಚು ಏರಬೇಕು.

ಪ್ರಶ್ನೆ: ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಗೆ ಮನೆಯಲ್ಲಿದೆ, ಪರವಾನಗಿ ತಂದೆಯ ಹೆಸರಿನಲ್ಲಿ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಬೇಕು, ಮರಳಿ ಬಂದಾಗ ತುಕ್ಕು. ಈಗಿನ ತೋಟಾ ಅದಕ್ಕೆ ನಡೆಯುತ್ತದೆಯೇ?
— ನವಲಗುಂದ, ಧಾರವಾಡ ಜಿಲ್ಲೆ

ಉತ್ತರ: ತೋಟಾದ ಮಾತು ಮೊದಲು, ಅದು ಜೀವದ ವಿಷಯ. ಹಳೆಯ ಇಂಗ್ಲಿಷ್ ಬಂದೂಕುಗಳ ಚೇಂಬರ್ ಬಹಳಷ್ಟು ಎರಡೂವರೆ ಇಂಚು, ಅಂದರೆ 65 ಮಿಮೀ. ಈಗಿನ ಸಾಮಾನ್ಯ ತೋಟಾ 70 ಮಿಮೀ. ಅದು 65ರ ಚೇಂಬರಿಗೆ ಸಲೀಸಾಗಿ ಹೋಗಿ ಕೂರುತ್ತದೆ, ಮೋಸ ಇರುವುದು ಅಲ್ಲೇ. ತೋಟಾದ ಮೇಲೆ ಬರೆದ ಉದ್ದ ಹೊಡೆದು ಬಾಯಿ ಬಿಚ್ಚಿದ ಮೇಲಿನ ಉದ್ದ. ಹೊಡೆದಾಗ ಮಡಿಕೆ ಬಿಚ್ಚಲು ಜಾಗ ಸಿಗದೆ ನಳಿಗೆ ಕಿರಿದಾಗುವ ಕಡೆ ಒತ್ತರಿಸಿಕೊಳ್ಳುತ್ತದೆ, ಒತ್ತಡ ಏರುತ್ತದೆ. ನಳಿಗೆಯ ಬುಡದ ಮುದ್ರೆ ಓದಿಸಿ. ನೈಟ್ರೊ ಪುಡಿಗೆ (ಈಗಿನ ಹೊಗೆಯಿಲ್ಲದ ಮದ್ದು) ಪರೀಕ್ಷೆಯಾದ ಗುರುತಿಲ್ಲದಿದ್ದರೆ, ಅಥವಾ ನಳಿಗೆಯ ಮೇಲೆ ಹೆಣೆದ ಬಳ್ಳಿಯಂಥ ಡಮಾಸ್ಕಸ್ ವಿನ್ಯಾಸವಿದ್ದರೆ, ಅದು ಗೋಡೆಯ ಬಂದೂಕು. ಹೊಡೆಯುವುದಲ್ಲ.

ಕಾಗದದ ಕಡೆಗೆ ಬಂದರೆ, ಪರವಾನಗಿದಾರರು ತೀರಿಕೊಂಡರೆ ಬಂದೂಕನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ಠಾಣೆಗೋ ಪರವಾನಗಿ ಇರುವ ಡೀಲರಿಗೋ ಒಪ್ಪಿಸಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರದೊಂದಿಗೆ ನಿಮ್ಮ ಹೆಸರಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಬಂದೂಕು, ಪರವಾನಗಿ ಅವಧಿ ಐದು ವರ್ಷ.

ತುಕ್ಕಿಗೆ ಮದ್ದು ಒಪ್ಪಿಸುವ ಹಿಂದಿನ ದಿನವೇ ಆಗಬೇಕು. ಒಣ ಬಟ್ಟೆಯಿಂದ ನಳಿಗೆ ಎಳೆದು, ಆಮೇಲೆ ಎಣ್ಣೆ ಹಚ್ಚಿದ ಬಟ್ಟೆ ಒಂದು ಸಲ. ಹೊರಮೈಗೆ ತೆಳುವಾಗಿ ಒರೆಸಿ, ಬೆರಳಚ್ಚು ಬಿಡಬೇಡಿ. ಬೆವರಿನ ಉಪ್ಪೇ ಮೊದಲು ತುಕ್ಕು ತರುವುದು. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ತಿಂಗಳುಗಟ್ಟಲೆ ತಡೆಯುವುದಿಲ್ಲ, ಬಂದೂಕಿನ ಎಣ್ಣೆಯೇ ತನ್ನಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಪ್ಪಿಸುವುದಾದರೆ ಚರ್ಮದ ಅಥವಾ ಫೋಮಿನ ಚೀಲ ಬೇಡ, ತೇವ ಹೀರಿ ಕಬ್ಬಿಣಕ್ಕೆ ಅಂಟಿಸುತ್ತದೆ. ಹಳೆಯ ಪಂಚೆ ಸುತ್ತಿದರೆ ಮೇಲು. ರಸೀದಿಯಲ್ಲಿ ಬಂದೂಕಿನ ನಂಬರು, ತೋಟಾ ಎಷ್ಟು ಎಂದು ಎರಡೂ ಬರೆಸಿಕೊಳ್ಳಿ.

ಮರಳಿ ತಂದ ದಿನ ತೋಟಾ ಹಾಕುವ ಮಾತೇ ಬೇಡ. ಬಿಚ್ಚಿ, ಎರಡೂ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಗೋಡೆಗೊರಗಿ ನಿಂತ ಬಂದೂಕಿನ ಬಾಯೊಳಗೆ ಕುಂಬಾರ ಹುಳ ಮಣ್ಣು ಕಟ್ಟುತ್ತದೆ, ಒಣಗಿದರೆ ಸಿಮೆಂಟಿನಷ್ಟು ಗಟ್ಟಿ. ಅದರ ಹಿಂದೆ ಹೊಡೆದ ತೋಟಾ ನಳಿಗೆಯನ್ನೇ ಸೀಳುತ್ತದೆ. ಕಡ್ಡಿಯಿಂದ ಚುಚ್ಚುವುದು ಬೇಡ, ಹಿತ್ತಾಳೆ ಬ್ರಷ್ಷು ಹಿಂದಿನಿಂದ ಮುಂದಕ್ಕೆ ಎಳೆಯಿರಿ, ಬೆಳಕು ಎರಡೂ ಕಡೆ ದುಂಡಗೆ ಕಾಣುವವರೆಗೆ.